ಮೂವತ್ತೊಂದು ಒಂದುಗಳ ಸಾಲು

ಜನವರಿ ಒಂದನೇ ತಾರೀಖು ಬೆಳಿಗ್ಗೆ ಒಂದು ಡಬ್ಬಿಗೆ ಒಂದೇ ಒಂದು ರಾಗಿಕಾಳು ಹಾಕಿ. ಎರಡನೇ ತಾರೀಖು ಎರಡು ಕಾಳು, ಮೂರನೇ ತಾರೀಖು ನಾಲ್ಕು, ಮಾರನೇ ದಿನ ಎಂಟು. ಹೀಗೆ ದಿನದಿನಕ್ಕೂ ದುಪ್ಪಟ್ಟು ಮಾಡುತ್ತ ಹೋಗಿ. ಹತ್ತು ದಿನ ಕಳೆದಾಗ ಡಬ್ಬಿಯಲ್ಲಿರುವುದು 1,023 ಕಾಳು, ಒಂದು ಚಿಕ್ಕ ಚಮಚವೂ ತುಂಬುವುದಿಲ್ಲ. ಇಪ್ಪತ್ತನೇ ದಿನಕ್ಕೆ ಲೆಕ್ಕ 10,48,575ಕ್ಕೆ ಬರುತ್ತದೆ. ಸಾವಿರ ರಾಗಿಕಾಳಿನ ತೂಕ ಸುಮಾರು ಎರಡೂವರೆ ಮೂರು ಗ್ರಾಂ. ಅಂದರೆ ಈಗ ಎರಡೂವರೆ ಮೂರು ಕಿಲೋ ರಾಗಿ ಆಯಿತು, ಚಿಕ್ಕ ಸಂಸಾರಕ್ಕೆ ಕೆಲವು ದಿನದ ಮುದ್ದೆಗೆ ಸಾಕು. ಅಲ್ಲಿಂದ ಹನ್ನೊಂದು ದಿನ ಕಳೆದು ತಿಂಗಳ ಕೊನೆಯ ಸಂಜೆಯಾಗುವಾಗ ಡಬ್ಬಿಯ ಮಾತು ಬಿಡಿ, ಮನೆ ಮುಂದೆ ಲಾರಿಯೇ ಬಂದು ನಿಲ್ಲಬೇಕು. ಐದಾರು ಟನ್ ರಾಗಿ! ಕಾಳಿನ ಲೆಕ್ಕದಲ್ಲಿ ಹೇಳುವುದಾದರೆ 2,14,74,83,647. ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ತನಾಲ್ಕು ಲಕ್ಷ ಎಂಬತ್ತಮೂರು ಸಾವಿರದ ಆರುನೂರ ನಲವತ್ತೇಳು.

ಈ ಅಧ್ಯಾಯ ಈ ಒಂದೇ ಸಂಖ್ಯೆಗೆ ಮೀಸಲು.

ಡಬ್ಬಿಯ ಲೆಕ್ಕದಲ್ಲಿ ಒಂದು ವಿಷಯ ಗಮನಿಸಿ. ಯಾವ ದಿನ ನೋಡಿದರೂ, ಆ ದಿನ ಹಾಕುವ ಕಾಳು ಹಿಂದಿನ ದಿನದವರೆಗೆ ಸೇರಿದ ಒಟ್ಟು ಕಾಳಿಗಿಂತ ಸರಿಯಾಗಿ ಒಂದು ಹೆಚ್ಚು. ಮೂರು ದಿನದಲ್ಲಿ ಸೇರಿದ್ದು 1, 2, 4 ಕೂಡಿ 7. ನಾಲ್ಕನೇ ದಿನ ಹಾಕುವುದು 8. ಆದ್ದರಿಂದ ತಿಂಗಳ ಒಟ್ಟು ಮೊತ್ತ ಹೇಳಲು ಮೂವತ್ತೊಂದು ಸಂಖ್ಯೆ ಕೂಡುತ್ತ ಕೂರಬೇಕಾಗಿಲ್ಲ. ಮೂವತ್ತೆರಡನೇ ದಿನ ಅಂತ ಒಂದು ಇದ್ದಿದ್ದರೆ ಎಷ್ಟು ಹಾಕುತ್ತಿದ್ದೆವೋ ಅದರಲ್ಲಿ ಒಂದು ಕಳೆದರಾಯಿತು. 2ನ್ನು ತನ್ನಿಂದಲೇ ಗುಣಿಸುತ್ತ ಮೂವತ್ತೊಂದು ಎರಡುಗಳ ಗುಣಲಬ್ಧ ತೆಗೆದು, ಅದರಲ್ಲಿ ಒಂದು ಕಳೆಯಿರಿ. ಗಣಿತದ ಬರವಣಿಗೆಯಲ್ಲಿ 2³¹ − 1. ಹೀಗೆ ಗುಣಿಸುತ್ತ ಬೆಳೆಯುವ ಸಾಲನ್ನು ಕೂಡುವ ಸೂತ್ರ ನಮ್ಮ ನೆಲಕ್ಕೆ ಹೊಸದಲ್ಲ. ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿ, ಒಂಬತ್ತನೇ ಶತಮಾನದಲ್ಲಿ, ಮಹಾವೀರಾಚಾರ್ಯ ತನ್ನ 'ಗಣಿತಸಾರಸಂಗ್ರಹ'ದಲ್ಲಿ ಅದನ್ನು ಕೊಟ್ಟಿದ್ದಾನೆ.

ಈಗ ಇದೇ ಸಂಖ್ಯೆಯನ್ನು ಕಂಪ್ಯೂಟರಿನ ಕಣ್ಣಿನಿಂದ ನೋಡೋಣ. ನಮಗೆ ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಅಂಕೆಗಳಿವೆ, ಅದಕ್ಕೆ ಇರುವುದು 0 ಮತ್ತು 1 ಎರಡೇ. ನಮ್ಮಲ್ಲಿ 999 ಅಂದರೆ ಮೂರು ಮನೆಗಳೂ ತುಂಬಿದ ಸ್ಥಿತಿ, ಇನ್ನೊಂದು ಸೇರಿದರೆ ಸಾವಿರವಾಗಿ ನಾಲ್ಕನೇ ಮನೆ ಬೇಕಾಗುತ್ತದೆ. ದ್ವಿಮಾನ ಪದ್ಧತಿಯಲ್ಲಿ ಹಾಗೆ ತುಂಬಿದ ಮನೆಗಳ ಸಂಖ್ಯೆಗಳು 1, 11, 111, 1111. ನಮ್ಮ ಬರವಣಿಗೆಯಲ್ಲಿ ಅವೇ 1, 3, 7, 15. ನಮ್ಮ 214 ಕೋಟಿ ಚಿಲ್ಲರೆಯನ್ನು ಹಾಗೆ ಬರೆದರೆ ಮೂವತ್ತೊಂದು ಒಂದುಗಳು ಸಾಲಾಗಿ ನಿಲ್ಲುತ್ತವೆ, ನಡುವೆ ಒಂದೂ ಸೊನ್ನೆ ಇಲ್ಲ. ಈ ಸಂಖ್ಯೆಯ ಗುಣಗಳೆಲ್ಲ ಈ ಸಾಲಿನಿಂದಲೇ ಹುಟ್ಟುತ್ತವೆ. ವರ್ಷಗಳಿಂದ ಇದರ ಬಗ್ಗೆ ಓದುತ್ತ, ಕಾಗದದ ಮೇಲೆ ಲೆಕ್ಕ ಮಾಡುತ್ತ ಬಂದವನಿಗೆ ಕೊನೆಗೂ ಉಳಿದ ಬೆರಗು ಅದೇ.

ಮೊದಲ ಗುಣ, ಇದು ಅವಿಭಾಜ್ಯ ಸಂಖ್ಯೆ. 1 ಮತ್ತು ತನ್ನನ್ನು ಬಿಟ್ಟರೆ ಬೇರೆ ಯಾವ ಸಂಖ್ಯೆಯಿಂದಲೂ ಇದು ನಿಶ್ಶೇಷವಾಗಿ ಭಾಗವಾಗುವುದಿಲ್ಲ. ಹತ್ತಂಕೆಯ ಸಂಖ್ಯೆಯೊಂದರ ಬಗ್ಗೆ ಈ ಮಾತನ್ನು ಧೈರ್ಯವಾಗಿ ಹೇಳುವುದು ಹೇಗೆ?

ಒಂದುಗಳ ಸಾಲನ್ನೇ ಹಿಡಿದು ಹೊರಡೋಣ. ಆರು ಒಂದುಗಳನ್ನು ಬರೆದುಕೊಳ್ಳಿ, 111111. ಇದನ್ನು ಮೂರು ಮೂರರ ಎರಡು ಗುಂಪು ಮಾಡಬಹುದು, 111 ಮತ್ತು 111. ಆದ್ದರಿಂದ ಅದು 111ರ ಗುಣಕ, 111 × 1001. ಎರಡೆರಡರ ಮೂರು ಗುಂಪೂ ಮಾಡಬಹುದು, ಆಗ 11 × 10101. ಇದನ್ನು ನಮ್ಮ ಮಾಮೂಲಿ ದಶಮಾನ ಸಂಖ್ಯೆಗಳೆಂದು ಓದಿ ಗುಣಿಸಿ ನೋಡಿ, ಸರಿಬರುತ್ತದೆ. ದ್ವಿಮಾನವೆಂದು ಓದಿದರೂ ಸರಿಬರುತ್ತದೆ. ಸಾಲನ್ನು ಸಮ ಗುಂಪುಗಳಾಗಿ ಒಡೆಯಲು ಬಂದರೆ ಸಂಖ್ಯೆಯೂ ಒಡೆಯುತ್ತದೆ. ಹದಿನೈದು ಒಂದುಗಳ ಸಾಲು 32,767, ಅದು 7 × 31 × 151. ಸಾಲು ಒಡೆಯದೆ ಉಳಿಯಬೇಕಾದರೆ ಒಂದುಗಳ ಎಣಿಕೆಯೇ ಅವಿಭಾಜ್ಯವಾಗಿರಬೇಕು. 31 ಹಾಗಿದೆ.

ಅಷ್ಟೇ ಸಾಲದು ಎಂಬುದೇ ಇಲ್ಲಿನ ಕಷ್ಟ. 11 ಅವಿಭಾಜ್ಯ, ಆದರೂ ಹನ್ನೊಂದು ಒಂದುಗಳ ಸಾಲಾದ 2,047 ಒಡೆದು 23 × 89 ಆಗುತ್ತದೆ. ಇಲ್ಲಿ ಎಡವಿದವರು ಸಣ್ಣವರೇನಲ್ಲ. ಇಟಲಿಯ ಪಿಯೆತ್ರೊ ಕತಾಲ್ಡಿ 1588ರಲ್ಲಿ 17 ಒಂದುಗಳ ಮತ್ತು 19 ಒಂದುಗಳ ಸಾಲುಗಳು (1,31,071 ಮತ್ತು 5,24,287) ಅವಿಭಾಜ್ಯವೆಂದು ಭಾಗಿಸಿ ಭಾಗಿಸಿ ತೋರಿಸಿದ್ದ. ಅದು ಸರಿಯಾಗಿತ್ತು. ಮುಂದೆ ಅವನು 23, 29, 31, 37ರ ಸಾಲುಗಳೂ ಅವಿಭಾಜ್ಯವೇ ಎಂದ. 1640ರಲ್ಲಿ ಫ್ರಾನ್ಸಿನ ಫರ್ಮಾ 23ರದ್ದನ್ನೂ 37ರದ್ದನ್ನೂ ಒಡೆದು ತೋರಿಸಿದ. 23ರ ಸಾಲಿಗೆ 47 ಭಾಜಕ, 37ರ ಸಾಲಿಗೆ 223. ಹತ್ತಿರಹತ್ತಿರ ನೂರು ವರ್ಷ ಕಳೆದ ಮೇಲೆ 1738ರಲ್ಲಿ ಗಣಿತಜ್ಞ ಆಯ್ಲರ್ 29ರ ಸಾಲನ್ನು 233 × 1103 × 2089 ಎಂದು ಒಡೆದ. ಕತಾಲ್ಡಿಯ ನಾಲ್ಕು ಮಾತುಗಳಲ್ಲಿ ಉಳಿದದ್ದು 31 ಒಂದೇ. ಈ ನಡುವೆ 1644ರಲ್ಲಿ ಪ್ಯಾರಿಸ್ಸಿನ ಸನ್ಯಾಸಿ ಮರೆನ್ ಮೆರ್ಸೆನ್ ತಾನು ನಂಬಿದ ಪಟ್ಟಿಯೊಂದನ್ನು ಪ್ರಕಟಿಸಿದ. ಅದರಲ್ಲೂ 31 ಇತ್ತು. ಪಟ್ಟಿಯಲ್ಲಿ ತಪ್ಪುಗಳಿದ್ದವು, 67 ಮತ್ತು 257 ಸೇರಬಾರದಿತ್ತು, 61, 89, 107 ಬಿಟ್ಟುಹೋಗಿದ್ದವು. ಆದರೂ ಇಂಥ ಅವಿಭಾಜ್ಯಗಳಿಗೆ ಮೆರ್ಸೆನ್ ಅವಿಭಾಜ್ಯಗಳೆಂದೇ ಹೆಸರು ಉಳಿಯಿತು.

ಫರ್ಮಾ 47ನ್ನೂ 223ನ್ನೂ ಕತ್ತಲಲ್ಲಿ ತಡಕಿ ಹಿಡಿದದ್ದಲ್ಲ. ಎಲ್ಲಿ ಹುಡುಕಬೇಕೆಂದು ಅವನಿಗೆ ಗೊತ್ತಿತ್ತು. ಆ ಉಪಾಯ ಈ ಕಥೆಯ ಜೀವ, ಅದನ್ನು ನಿಧಾನವಾಗಿ ನೋಡೋಣ. ಒಂದು ಕಾಗದ ಪೆನ್ನು ಹತ್ತಿರವಿರಲಿ.

2,047ನ್ನು ಒಡೆದ 23ನ್ನೇ ತೆಗೆದುಕೊಳ್ಳಿ. 1ರಿಂದ ಶುರುಮಾಡಿ ದುಪ್ಪಟ್ಟು ಮಾಡುತ್ತ ಹೋಗಿ, 23 ದಾಟಿದ ಕೂಡಲೇ 23 ಕಳೆದು ಶೇಷವನ್ನಷ್ಟೇ ಇಟ್ಟುಕೊಳ್ಳಿ. 1, 2, 4, 8, 16. ಮುಂದಿನದು 32, ಅದರಲ್ಲಿ 23 ಕಳೆದರೆ 9. ಆಮೇಲೆ 18, 13, 3, 6, 12. ಹನ್ನೆರಡರ ದುಪ್ಪಟ್ಟು 24, ಶೇಷ 1. ಹೊರಟಲ್ಲಿಗೇ ಬಂದು ನಿಂತೆವು. ಸರಿಯಾಗಿ ಹನ್ನೊಂದು ಹೆಜ್ಜೆಯ ಚಕ್ರ. 2ರ ಹನ್ನೊಂದನೇ ಘಾತವನ್ನು 23ರಿಂದ ಭಾಗಿಸಿದರೆ ಶೇಷ 1 ಉಳಿಯುತ್ತದೆ, ಅಂದರೆ ಅದರಲ್ಲಿ ಒಂದು ಕಳೆದ 2,047ನ್ನು 23 ಪೂರ್ತಿಯಾಗಿ ಭಾಗಿಸುತ್ತದೆ. ಈ ಚಕ್ರದಲ್ಲಿ ಬಾರದ ಶೇಷ ಒಂದನ್ನು ಆರಿಸಿ, 5 ಇರಲಿ. 5, 10, 20, 17, 11, 22, 21, 19, 15, 7, 14, ಮತ್ತೆ 5. ಇದೂ ಹನ್ನೊಂದರ ಚಕ್ರವೇ. 23ರಿಂದ ಭಾಗಿಸಿದಾಗ ಸೊನ್ನೆಯಲ್ಲದ ಶೇಷಗಳು ಒಟ್ಟು 22. ಅವು ಹನ್ನೊಂದು ಹನ್ನೊಂದರ ಎರಡು ಚಕ್ರಗಳಾಗಿ ಒಂದೂ ಹೆಚ್ಚಿಲ್ಲದೆ ಒಂದೂ ಕಡಿಮೆಯಿಲ್ಲದೆ ಹಂಚಿಹೋದವು.

ಇದನ್ನೇ ನಮ್ಮ ಸಂಖ್ಯೆಗೆ ಅನ್ವಯಿಸಿ. ಯಾವುದೋ ಒಂದು ಅವಿಭಾಜ್ಯ ಸಂಖ್ಯೆ ಮೂವತ್ತೊಂದು ಒಂದುಗಳ ಸಾಲನ್ನು ಭಾಗಿಸುತ್ತದೆ ಎಂದಿಟ್ಟುಕೊಳ್ಳೋಣ. ಆಗ ಆ ಸಂಖ್ಯೆಯ ಶೇಷಗಳೆಲ್ಲ ಮೂವತ್ತೊಂದು ಮೂವತ್ತೊಂದರ ಚಕ್ರಗಳಾಗಿ ಹಂಚಿಹೋಗಲೇಬೇಕು. ಶೇಷಗಳ ಎಣಿಕೆ ಆ ಸಂಖ್ಯೆಗಿಂತ ಒಂದು ಕಡಿಮೆ. ಹಾಗಾಗಿ ಭಾಜಕದಲ್ಲಿ ಒಂದು ಕಳೆದರೆ 31ರ ಗುಣಕ ಬರಬೇಕು. ಭಾಜಕ ಬೆಸಸಂಖ್ಯೆಯಾದ್ದರಿಂದ 62ರ ಗುಣಕವೇ ಬರಬೇಕು. ಕಂಡಕಂಡ ಸಂಖ್ಯೆಗಳಿಂದ ಭಾಗಿಸುವ ಕಾಲ ಇಲ್ಲಿಗೆ ಮುಗಿಯಿತು.

ಇನ್ನೂ ಒಂದು ಜರಡಿ ಇದೆ. ಅಂಥ ಭಾಜಕವಿದ್ದರೆ 2ರ 31ನೇ ಘಾತದ ಶೇಷ 1, ಆದ್ದರಿಂದ 32ನೇ ಘಾತದ ಶೇಷ 2. ಆದರೆ 32ನೇ ಘಾತ ಅಂದರೆ 16ನೇ ಘಾತದ ವರ್ಗ. ಹೀಗೆ ಶೇಷಗಳ ಲೋಕದಲ್ಲಿ 2 ಒಂದು ವರ್ಗಸಂಖ್ಯೆಯಾಗುತ್ತದೆ. ಅದು ಸಾಧ್ಯವಾಗುವುದು 8ರಿಂದ ಭಾಗಿಸಿದಾಗ 1 ಅಥವಾ 7 ಉಳಿಯುವ ಅವಿಭಾಜ್ಯಗಳಲ್ಲಿ ಮಾತ್ರ. ಎರಡು ಜರಡಿಗಳನ್ನೂ ಒಟ್ಟಿಗೆ ಹಿಡಿದರೆ ಭಾಜಕವನ್ನು 248ರಿಂದ ಭಾಗಿಸಿದಾಗ ಶೇಷ 1 ಇರಬೇಕು, ಇಲ್ಲವೇ 63 ಇರಬೇಕು. ಮೂರನೆಯ ದಾರಿ ಇಲ್ಲ.

ಸಂಖ್ಯೆಯೊಂದು ಒಡೆಯುವುದಾದರೆ ಅದರ ಒಂದು ಭಾಜಕವಾದರೂ ಅದರ ವರ್ಗಮೂಲದೊಳಗೇ ಸಿಗಬೇಕು. ನಮ್ಮ ಸಂಖ್ಯೆಯ ವರ್ಗಮೂಲ 46,340 ಚಿಲ್ಲರೆ. ಅದರೊಳಗಿರುವ ಅವಿಭಾಜ್ಯಗಳೇ ಸುಮಾರು 4,800. ಜರಡಿ ಹಿಡಿದ ಮೇಲೆ ಅವುಗಳಲ್ಲಿ ಉಳಿಯುವವು ಎಂಬತ್ತರ ಆಸುಪಾಸು. ಒಂದು ಸಂಜೆ ನಾನೂ ಪಟ್ಟಿ ಮಾಡುತ್ತ ಕುಳಿತೆ. 63 ಅವಿಭಾಜ್ಯವಲ್ಲ. 249 ಅಲ್ಲ, ಅದು 3 × 83. 311 ಹೌದು! ಭಾಗಿಸಿದೆ, ಭಾಗಲಬ್ಧ 69,05,092, ಶೇಷ 35. ಒಡೆಯಲಿಲ್ಲ. ಮುಂದೆ 497, 559, 745, 807, 993, 1055, 1241 ಎಲ್ಲ ತಾವೇ ಒಡೆಯುವವು, ಬಿಟ್ಟೆ. 1303 ಸಿಕ್ಕಿತು, ಶೇಷ 226. ಆಮೇಲೆ 1489, ಶೇಷ 199. ಸ್ವಲ್ಪ ಮುಂದೆ ಪಟ್ಟಿಯಲ್ಲಿ 2,047 ಎದುರಾದಾಗ ಹಳೆಯ ಗೆಳೆಯ ದಾರಿಯಲ್ಲಿ ಸಿಕ್ಕ ಹಾಗಾಯಿತು. ಕ್ಯಾಲ್ಕುಲೇಟರ್ ಕೈಲಿದ್ದರೂ ಒಂದೊಂದನ್ನೂ ಬರೆದು ಹೊಡೆದುಹಾಕುವಾಗ ಶ್ರಮ ಏನೆಂದು ಕೈಗೆ ಗೊತ್ತಾಗುತ್ತದೆ.

ಕ್ಯಾಲ್ಕುಲೇಟರ್ ಇಲ್ಲದೆ ಇದನ್ನು ಮುಗಿಸಿದವನು ಲಿಯೋನಾರ್ಡ್ ಆಯ್ಲರ್. 1772ರಲ್ಲಿ ಬರ್ನೂಲಿ ಮನೆತನದ ಗಣಿತಜ್ಞನೊಬ್ಬನಿಗೆ ಬರೆದ ಪತ್ರದಲ್ಲಿ ಈ ಫಲಿತಾಂಶವನ್ನು ತಿಳಿಸಿದ. ಆಗ ಅವನು ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿದ್ದ, ವಯಸ್ಸು ಅರವತ್ತೈದು. ಒಂದು ಕಣ್ಣು ಹರೆಯದಲ್ಲೇ ಹೋಗಿತ್ತು. ಇನ್ನೊಂದಕ್ಕೆ ಪೊರೆ ಬಂದು, 1771ರ ಶಸ್ತ್ರಚಿಕಿತ್ಸೆಯ ನಂತರ ಅದೂ ಹೆಚ್ಚುಕಡಿಮೆ ಆರಿಹೋಗಿತ್ತು. ತಲೆಯಲ್ಲಿ ಲೆಕ್ಕ ಕಟ್ಟಿ, ಹೇಳಿ ಬರೆಸುತ್ತಿದ್ದ. ಕಣ್ಣಿಲ್ಲದವನೊಬ್ಬ ಹತ್ತಂಕೆಯ ಸಂಖ್ಯೆಯ ಒಳಗನ್ನು ಇಷ್ಟು ನಿಚ್ಚಳವಾಗಿ ಕಂಡದ್ದನ್ನು ನೆನೆದರೆ ನನಗೆ ಈಗಲೂ ಗಂಟಲು ಕಟ್ಟುತ್ತದೆ. ಹತ್ತೊಂಬತ್ತನೇ ಶತಮಾನದ ನಡುಭಾಗದವರೆಗೂ ಮನುಷ್ಯರಿಗೆ ಗೊತ್ತಿದ್ದ ಅತಿದೊಡ್ಡ ಅವಿಭಾಜ್ಯ ಸಂಖ್ಯೆ ಇದೇ ಆಗಿತ್ತು.

ಇದರ ಜೊತೆಗೇ ಬಂದ ಉಡುಗೊರೆ ಇನ್ನೊಂದು. 28ರ ಭಾಜಕಗಳನ್ನು, 28ನ್ನು ಬಿಟ್ಟು, ಕೂಡಿ ನೋಡಿ. 1, 2, 4, 7, 14 ಕೂಡಿದರೆ 28ಕ್ಕೇ ಬರುತ್ತದೆ. ಇಂಥವಕ್ಕೆ ಪರಿಪೂರ್ಣ ಸಂಖ್ಯೆ ಎನ್ನುತ್ತಾರೆ. ಮೊದಲ ನಾಲ್ಕು 6, 28, 496, 8128. ಒಂದುಗಳ ಸಾಲು ಅವಿಭಾಜ್ಯವಾದಾಗಲೆಲ್ಲ ಒಂದು ಪರಿಪೂರ್ಣ ಸಂಖ್ಯೆ ಸಿಗುತ್ತದೆ ಎಂದು ಯೂಕ್ಲಿಡ್ ಎರಡು ಸಾವಿರ ವರ್ಷಕ್ಕೂ ಹಿಂದೆ ಸಾಧಿಸಿದ್ದ. ಸಮಸಂಖ್ಯೆಗಳಲ್ಲಿ ಬೇರೆ ಬಗೆಯ ಪರಿಪೂರ್ಣ ಸಂಖ್ಯೆ ಇಲ್ಲವೇ ಇಲ್ಲ ಎಂದು ಸಾಧಿಸಿದವನೂ ಆಯ್ಲರನೇ. ಪಡೆಯುವುದು ಸುಲಭ. ತಿಂಗಳ ಒಟ್ಟು ರಾಗಿಯನ್ನು ಕೊನೆಯ ದಿನ ಹಾಕಿದ ರಾಗಿಯಿಂದ ಗುಣಿಸಿ. 214,74,83,647ನ್ನು 107,37,41,824ರಿಂದ ಗುಣಿಸಿದರೆ ಹತ್ತೊಂಬತ್ತು ಅಂಕೆಯ 2305843008139952128 ಬರುತ್ತದೆ, ಎಂಟನೆಯ ಪರಿಪೂರ್ಣ ಸಂಖ್ಯೆ. ಇಂಗ್ಲೆಂಡಿನ ಪೀಟರ್ ಬಾರ್ಲೋ 1811ರ ತನ್ನ ಪುಸ್ತಕದಲ್ಲಿ ಇದನ್ನು ಹೇಳಿ, ಇದಕ್ಕಿಂತ ದೊಡ್ಡದನ್ನು ಬಹುಶಃ ಯಾರೂ ಎಂದೂ ಕಂಡುಹಿಡಿಯಲಾರರು, ಉಪಯೋಗವಿಲ್ಲದ ಕುತೂಹಲಕ್ಕಾಗಿ ಯಾರು ಅಷ್ಟು ದುಡಿದಾರು ಎಂಬರ್ಥದಲ್ಲಿ ಬರೆದ. ದುಡಿದರು. 1876ರಲ್ಲಿ ಫ್ರಾನ್ಸಿನ ಲ್ಯೂಕಾ 127 ಒಂದುಗಳ ಸಾಲು ಅವಿಭಾಜ್ಯವೆಂದು ಸಾಧಿಸಿದ. 1883ರಲ್ಲಿ 61ರ ಸಾಲನ್ನು ಸಾಧಿಸಿದವನು ರಷ್ಯದ ಹಳ್ಳಿಯ ಪಾದ್ರಿ ಪೆರ್ವುಶಿನ್. 2024ರ ಅಕ್ಟೋಬರಿನಲ್ಲಿ ಸಿಕ್ಕಿದ್ದು 13,62,79,841 ಒಂದುಗಳ ಸಾಲು. ದಶಮಾನದಲ್ಲಿ ಬರೆದರೆ ಅದಕ್ಕೆ ನಾಲ್ಕು ಕೋಟಿ ಹತ್ತು ಲಕ್ಷಕ್ಕೂ ಹೆಚ್ಚು ಅಂಕೆಗಳು.

ಲ್ಯೂಕಾ ತೋರಿಸಿದ ದಾರಿಯನ್ನು ಮುಂದೆ ಲೆಹ್ಮರ್ ಎಂಬ ಗಣಿತಜ್ಞ ತಿದ್ದಿ ತೀಡಿದ. ಈ ಪರೀಕ್ಷೆಯಲ್ಲಿ ಭಾಜಕಗಳನ್ನು ಹುಡುಕುವುದೇ ಇಲ್ಲ. 4ರಿಂದ ಶುರು. ವರ್ಗ ಮಾಡಿ 2 ಕಳೆ, ಶೇಷ ಇಟ್ಟುಕೋ, ಮತ್ತೆ ಅದನ್ನೇ ಮಾಡು. ಏಳು ಒಂದುಗಳ ಸಾಲಾದ 127ಕ್ಕೆ ಮಾಡಿದರೆ 4, 14, 67, 42, 111, 0. ಏಳಕ್ಕೆ ಎರಡು ಕಡಿಮೆ, ಐದು ಹೆಜ್ಜೆ ಆದ ಮೇಲೆ ಸೊನ್ನೆ ಬಂತು, ಆದ್ದರಿಂದ 127 ಅವಿಭಾಜ್ಯ. ನಮ್ಮ ಸಂಖ್ಯೆಗೆ ಇಪ್ಪತ್ತೊಂಬತ್ತು ಹೆಜ್ಜೆ ಸಾಕು.

ಆಯ್ಲರ್ ಕನಸಿನಲ್ಲೂ ನೆನೆಯದ ಜಾಗಕ್ಕೆ ಈ ಸಂಖ್ಯೆ ಇಪ್ಪತ್ತನೇ ಶತಮಾನದಲ್ಲಿ ಬಂದು ಕೂತಿತು. ಕಂಪ್ಯೂಟರುಗಳು ಒಂದು ಪೂರ್ಣಾಂಕಕ್ಕೆ 32 ಮನೆ ಮೀಸಲಿಡುವುದು ರೂಢಿಯಾಯಿತು. ಒಂದು ಮನೆ ಋಣವೋ ಧನವೋ ಎಂದು ತಿಳಿಸಲು ಹೋದರೆ ಉಳಿದವು ಮೂವತ್ತೊಂದು. ಅವೆಲ್ಲ ತುಂಬಿದಾಗ ಬರುವ ಅತಿದೊಡ್ಡ ಸಂಖ್ಯೆ ನಮ್ಮದೇ. ಅದಕ್ಕೆ ಇನ್ನೊಂದು ಕೂಡಿದರೆ ತುಂಬಿದ ಮನೆಗಳೆಲ್ಲ ಸೊನ್ನೆಯಾಗಿ, ಒಯ್ದ ಒಂದು ಹೋಗಿ ಚಿಹ್ನೆಯ ಮನೆಯಲ್ಲಿ ಕೂರುತ್ತದೆ. ಯಂತ್ರ ಅದನ್ನು −214,74,83,648 ಎಂದು ಓದುತ್ತದೆ.

ಇದು ಪುಸ್ತಕದ ಮಾತಲ್ಲ. 2014ರ ಡಿಸೆಂಬರಿನಲ್ಲಿ ಕೊರಿಯದ 'ಗಂಗ್ನಮ್ ಸ್ಟೈಲ್' ಹಾಡಿನ ವೀಕ್ಷಣೆ ಈ ಗಡಿ ತಲುಪಿದ್ದರಿಂದ ಯೂಟ್ಯೂಬ್ ತನ್ನ ಎಣಿಕೆಯನ್ನು 64 ಮನೆಗಳಿಗೆ ಏರಿಸಿದ್ದಾಗಿ ಹೇಳಿತು. ಇನ್ನೂ ದೊಡ್ಡದು ಮುಂದಿದೆ. ಬಹಳಷ್ಟು ಯಂತ್ರಗಳು ಕಾಲವನ್ನು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳಾಗಿ ಎಣಿಸುತ್ತವೆ. ಹಳೆಯ 32 ಮನೆಯ ಎಣಿಕೆ ಇನ್ನೂ ಉಳಿದಿರುವ ಕಡೆ ಅದು ತುಂಬುವುದು 2038ರ ಜನವರಿ 19, ಮಂಗಳವಾರ. ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡ್. ಮಕ್ಕಳು ಶಾಲೆಗೆ ಹೊರಡುವ ಹೊತ್ತು. ಮರುಸೆಕೆಂಡಿಗೆ ಅಂಥ ಯಂತ್ರ ತಾನು 1901ರ ಡಿಸೆಂಬರಿನಲ್ಲಿದ್ದೇನೆ ಎಂದುಕೊಳ್ಳುತ್ತದೆ. ಫೋನುಗಳನ್ನು ನಾವು ಬದಲಿಸುತ್ತಲೇ ಇರುತ್ತೇವೆ, ನನ್ನ ಆತಂಕ ಅವುಗಳ ಬಗ್ಗೆ ಅಲ್ಲ. ಒಮ್ಮೆ ಕೂರಿಸಿದ ಮೇಲೆ ಇಪ್ಪತ್ತು ಮೂವತ್ತು ವರ್ಷ ಯಾರೂ ಮುಟ್ಟದ ಪಂಪು, ಮೀಟರು, ನಿಯಂತ್ರಣ ಪೆಟ್ಟಿಗೆಗಳ ಬಗ್ಗೆ.

ಹಾಗೆಂದು ಕಂಪ್ಯೂಟರಿನ ಗಡಿಗಳೆಲ್ಲ ಅವಿಭಾಜ್ಯ ಎಂದುಕೊಳ್ಳಬೇಡಿ. 64 ಮನೆಯ ಗಡಿಯಲ್ಲಿ 63 ಒಂದುಗಳು. 63 ಒಡೆಯುತ್ತದೆ, ಆದ್ದರಿಂದ ಆ ಸಂಖ್ಯೆಯೂ ಒಡೆಯುತ್ತದೆ, 7 ಅದರ ಭಾಜಕ. 16 ಮನೆಯ ಗಡಿ ನಾವು ಆಗಲೇ ಒಡೆದ 32,767. ನಮ್ಮ ಸಂಖ್ಯೆಯ ವಿಷಯದಲ್ಲಿ ಆಯ್ಲರನ ಅವಿಭಾಜ್ಯವೂ ಎಂಜಿನಿಯರುಗಳ ಗಡಿಯೂ ಒಂದೇ ಆದದ್ದು ಬರೀ ಅದೃಷ್ಟ. ಆ ಅದೃಷ್ಟವನ್ನು ಬಳಸಿಕೊಂಡವರೂ ಇದ್ದಾರೆ.

ಆಟದಲ್ಲಿ ದಾಳ ಉರುಳಿಸಲು, ಪ್ರಯೋಗಗಳ ಅನುಕರಣೆಗೆ ಕಂಪ್ಯೂಟರಿಗೆ ಕ್ರಮವಿಲ್ಲದಂತೆ ಕಾಣುವ ಸಂಖ್ಯೆಗಳು ಬೇಕು. 7ರ ಶೇಷಗಳನ್ನು 3ರಿಂದ ಗುಣಿಸುತ್ತ ಹೋದರೆ 1, 3, 2, 6, 4, 5 ಬಂದು ಮತ್ತೆ 1. ಎಲ್ಲ ಶೇಷಗಳೂ ಒಂದೇ ಚಕ್ರದಲ್ಲಿ, ಕಲೆಸಿದ ಇಸ್ಪೀಟಿನ ಎಲೆಗಳಂತೆ ಬಂದವು. 2ರಿಂದ ಗುಣಿಸಿದ್ದರೆ 1, 2, 4ಕ್ಕೇ ಚಕ್ರ ಮುಗಿಯುತ್ತಿತ್ತು. ನಮ್ಮ ಸಂಖ್ಯೆಯ ಶೇಷಗಳನ್ನು 2ರಿಂದ ಗುಣಿಸಿದರೆ ಮೂವತ್ತೊಂದು ಹೆಜ್ಜೆಗೆ ವಾಪಸ್. 7ರಿಂದ ಗುಣಿಸಿದರೆ 214,74,83,646 ಶೇಷಗಳೂ ಬಂದು ಹೋದ ಮೇಲೆಯೇ ಚಕ್ರ ತಿರುಗಿ ಸೇರುತ್ತದೆ. 7ರ ಐದನೇ ಘಾತ 16,807 ಕೂಡ ಹಾಗೆಯೇ. 1988ರಲ್ಲಿ ಸ್ಟೀಫನ್ ಪಾರ್ಕ್ ಮತ್ತು ಕೀತ್ ಮಿಲ್ಲರ್ ಈ 16,807ನ್ನು ಗುಣಕವಾಗಿ, ನಮ್ಮ ಸಂಖ್ಯೆಯನ್ನು ಭಾಜಕವಾಗಿ ಬಳಸುವ ವಿಧಾನವನ್ನು ಎಲ್ಲರೂ ಇಟ್ಟುಕೊಳ್ಳಬಹುದಾದ ಕನಿಷ್ಠ ಮಾನದಂಡವಾಗಿ ಸೂಚಿಸಿದರು, ಅದು ಬಹಳ ವರ್ಷ ಬಳಕೆಯಲ್ಲಿತ್ತು.

ಇಲ್ಲಿ ಭಾಗಿಸುವ ಕೆಲಸವೂ ಹಗುರ. 9ರಿಂದ ಭಾಗಿಸಿದಾಗಿನ ಶೇಷ ತಿಳಿಯಲು ಅಂಕೆಗಳನ್ನು ಕೂಡಿದರೆ ಸಾಕೆಂದು ಶಾಲೆಯಲ್ಲೇ ಕಲಿತಿದ್ದೇವೆ. 9 ಎಂದರೆ ಹತ್ತಕ್ಕೆ ಒಂದು ಕಡಿಮೆ, ಅದೇ ಕಾರಣ. ನಮ್ಮದು 2ರ 31ನೇ ಘಾತಕ್ಕೆ ಒಂದು ಕಡಿಮೆ. ಎಷ್ಟೇ ಉದ್ದದ ದ್ವಿಮಾನ ಸಂಖ್ಯೆಯನ್ನೂ ಬಲಗಡೆಯಿಂದ ಮೂವತ್ತೊಂದು ಮೂವತ್ತೊಂದು ಅಂಕೆಗಳ ತುಂಡು ಮಾಡಿ ಕೂಡುತ್ತ ಬಂದರೆ ಶೇಷ ಕೈಗೆ ಬರುತ್ತದೆ, ಸೀರೆಯನ್ನು ಒಂದೇ ಅಳತೆಗೆ ಮಡಿಸುತ್ತ ಬಂದ ಹಾಗೆ.

ಇನ್ನೊಂದು ಪ್ರಶ್ನೆ ಓದುಗರ ಮನಸ್ಸಿನಲ್ಲಿ ಎದ್ದಿರಬಹುದು. ಐದು ಒಂದುಗಳ ಸಾಲು 31, ಅವಿಭಾಜ್ಯ. 31 ಒಂದುಗಳ ಸಾಲು ನಮ್ಮ ಸಂಖ್ಯೆ, ಅದೂ ಅವಿಭಾಜ್ಯ. ಹಾಗಾದರೆ 214,74,83,647 ಒಂದುಗಳನ್ನು ಸಾಲಾಗಿ ನಿಲ್ಲಿಸಿದರೆ? ದಶಮಾನದಲ್ಲಿ ಆ ಸಂಖ್ಯೆಗೆ 64 ಕೋಟಿಗೂ ಹೆಚ್ಚು ಅಂಕೆಗಳು. ಅದು ಅವಿಭಾಜ್ಯವಲ್ಲ. 295257526626031 ಅದನ್ನು ಭಾಗಿಸುತ್ತದೆ. ಚಕ್ರದ ನಿಯಮ ನೆನಪಿದ್ದರೆ ಈ ಭಾಜಕದಲ್ಲಿ ಒಂದು ಕಳೆದು ನೋಡಿ. ಉಳಿದದ್ದು 2 × 68,745 × 214,74,83,647.